ಬಸುರಿಯ ಗಂಡ ಕಾಯಿ ಒಡೆಯಬಾರದು

ಜಡಿಗೇನಹಳ್ಳಿ,
ಮಂಗಳವಾರ, ೧೪ ಅಕ್ಟೋಬರ್ ೨೦೨೫

ಪ್ರೀತಿಯ ಪ್ರಮೋದಾ,

ಎಲ್ಲಕ್ಕಿಂತ ಮೊದಲು ಒಂದು ತಪ್ಪೊಪ್ಪಿಗೆ. ದಿವಂಗತ ಚಿಕ್ಕವೆಂಕಟಪ್ಪನವರ ಮಗ, ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ ನಾಟಿಕೋಳಿ ಸಾಕುತ್ತಿರುವ, ನಿನ್ನ ಗಂಡನೂ ಆದ ನರೇಶನೆಂಬ ನಾನು, ಕಳೆದ ಗುರುವಾರ ಹೊಸಕೋಟೆಯಲ್ಲಿ ನಿನ್ನ ಡಾಕ್ಟರ್ ಚೈತ್ರ ಅವರ ಕ್ಲಿನಿಕ್ಕಿನ ಬೆಂಚಿನ ಮೇಲೆ ಕುಳಿತು, ಸಕಲರ ಓದಿಗೆಂದು ಇಟ್ಟಿದ್ದ ಆರೋಗ್ಯ ಪತ್ರಿಕೆಯಿಂದ ಎರಡು ಹಾಳೆ ಹರಿದು ಜೇಬಿಗೆ ಇಳಿಸಿದ್ದೇನೆ. ಹರಿಯುವ ಸದ್ದು ಕೇಳಬಾರದೆಂದು ಜೋರಾಗಿ ಕೆಮ್ಮಿದೆ. ಪಕ್ಕದಲ್ಲಿದ್ದ ಬಸುರಿ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಬೆಂಚಿನ ಆ ತುದಿಗೆ ಹೋದಳು. ಎರಡನೇ ಹಾಳೆಗೆ ಕೆಮ್ಮುವಾಗ ನರ್ಸಮ್ಮ ಬಂದು ಒಂದು ಮಾಸ್ಕ್ ಕೊಟ್ಟಳು. ಹೀಗೆ ಆಸ್ಪತ್ರೆಯವರೇ ಒದಗಿಸಿದ ಮುಸುಕಿನಲ್ಲಿ ಕಳ್ಳತನ ಪೂರೈಸಿದ್ದು ತಾಲ್ಲೂಕಿನಲ್ಲೇ ನಾನೊಬ್ಬನಿರಬೇಕು.

ನೀನು ಹೇಗಿದ್ದೀಯ? ಕಾಲಿನ ಊತ ಇಳಿಯಿತಾ? ಎಡಮಗ್ಗುಲಿಗೆ ಮಲಗುತ್ತಿದ್ದೀಯಾ, ಇಲ್ಲಾ ಇಲ್ಲಿಯ ಹಾಗೇ ಛಾವಣಿ ನೋಡುತ್ತ ಅಂಗಾತ ಮಲಗಿ ಫ್ಯಾನಿನ ರೆಕ್ಕೆ ಎಣಿಸುತ್ತಿದ್ದೀಯಾ? ಒಂಬತ್ತನೇ ತಿಂಗಳು, ನಲ್ಲೂರಿನ ಹುಣಸೆಯನ್ನೆಲ್ಲ ನೀನೇ ಮುಗಿಸಿಬಿಟ್ಟರೆ ಊರಿನವರು ಸಾರಿಗೆ ಏನು ಹಾಕಬೇಕು ಎಂದು ಅತ್ತೆ ಗೊಣಗುತ್ತಿರಬೇಕು. ಮಗು ಒದೆಯುತ್ತಿದೆಯಾ? ಒದೆಯಲಿ. ಒದೆಯುವ ವಿದ್ಯೆಯೆಲ್ಲ ಅಲ್ಲೇ ಮುಗಿಸಿಕೊಂಡು ಬರಲಿ, ಈ ವಂಶದಲ್ಲಿ ಅದನ್ನು ಹೊರಗೂ ಮುಂದುವರಿಸಿದವರು ಬೇಕಾದಷ್ಟಾದರು. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ನೀನು ನನ್ನ ನಂಬರನ್ನು ಬ್ಲಾಕ್ ಮಾಡಿರುವುದರಿಂದ ಕಾಗದ ಬರೆಯುವ ಭಾಗ್ಯ ಸಿಕ್ಕಿತು. ಹೆರಿಗೆಗೆ ಬೇಕಾದ ತಾಯಿ ಕಾರ್ಡು, ನಿನ್ನ ಬಟ್ಟೆ ಒಯ್ಯಲು ನಿನ್ನ ತಮ್ಮ ಮೂರ್ತಿ ಬಂದಿದ್ದಾನೆ. ಅವನ ಕೈಯಲ್ಲೇ ಕಳಿಸುತ್ತೇನೆ.

ಆ ಶನಿವಾರ ನೀನು ಕೋಳಿ ಶೆಡ್ಡಿನ ಬಾಗಿಲಿಗೆ ಬಂದದ್ದು ಕೊನೆಯಲ್ಲಿ. ಮೊದಲಿನದನ್ನು ಯಾರೂ ನಿನಗೆ ಹೇಳಿಲ್ಲ, ಹೇಳುತ್ತೇನೆ. ನಮ್ಮ ದೊಡ್ಡಪ್ಪನ ಮಗ ಮನೋಹರ ತೋಟ ಕಾಯಲು ತಂದಿದ್ದ ಎರಡು ನಾಯಿಗಳನ್ನು ಕಟ್ಟಿಹಾಕು ಎಂದು ಮೂರು ಸಲ ಹೇಳಿದ್ದೆ. ಬೆಳಿಗ್ಗೆ ಶೆಡ್ಡಿಗೆ ಹೋದರೆ ತಂತಿಯ ಮೆಶ್ ಹರಿದಿತ್ತು, ನಾಯಿಗಳು ಇನ್ನೂ ಒಳಗೇ ಇದ್ದವು. ನೂರೈವತ್ತು ಹೇಂಟೆಗಳಲ್ಲಿ ಅರವತ್ತನಾಲ್ಕು ಸತ್ತಿದ್ದವು. ಹಸಿವಿಗೆ ಕೊಂದಿದ್ದರೆ ಸಹಿಸುತ್ತಿದ್ದೆನೋ ಏನೋ, ಒಂದನ್ನೂ ತಿಂದಿರಲಿಲ್ಲ. ಕತ್ತು ಹಿಡಿದು ಒದರುವುದು, ಬಿಸಾಡುವುದು, ಇನ್ನೊಂದನ್ನು ಹಿಡಿಯುವುದು. ಗೋಡೆಯ ಮೇಲೆ ಎದೆಯೆತ್ತರಕ್ಕೆ ರಕ್ತ ಚಿಮ್ಮಿತ್ತು. ಹೊಟ್ಟೆ ಸೀಳಿದ ಒಂದು ಹೇಂಟೆಯಿಂದ ಚಿಪ್ಪು ಕಟ್ಟದ ಮೊಟ್ಟೆಗಳು ದ್ರಾಕ್ಷಿ ಗೊಂಚಲಿನ ಹಾಗೆ ಹೊರಗೆ ಬಿದ್ದಿದ್ದವು. ಅದು ಇನ್ನೂ ಉಸಿರಾಡುತ್ತಿತ್ತು. ಉಳಿದವು ಅಟ್ಟಣೆಯ ಮೇಲೆ ಒಂದರ ಮೇಲೊಂದು ಹತ್ತಿ, ಕೊಕ್ಕು ತೆರೆದು, ಸದ್ದೇ ಇಲ್ಲದೆ ಕುಳಿತಿದ್ದವು.

ಆಗ ಮನೋಹರ ಬಂದ. "ನಾಯಿ ಅಂದ್ಮೇಲೆ ಕೋಳಿ ಹಿಡೀತವೆ ಕಣೋ. ನಿನ್ ಕೋಳಿಗೆ ಓಡಕ್ ಬರಲ್ವಾ?" ಅಂದು ನಕ್ಕ. ಅಷ್ಟೇ. ಗುದ್ದಲಿಯ ಕಾವು ಯಾವಾಗ ಕೈಗೆ ಬಂತೋ ಗೊತ್ತಿಲ್ಲ. ಮೊದಲನೇ ಏಟು ಹೆಗಲಿಗೆ. ಎರಡನೆಯದು ತಲೆಗೆ. ಅವನು ಕುಸಿದು, ಕಣ್ಣಿಗಿಳಿದ ರಕ್ತದಲ್ಲಿ ನನ್ನನ್ನು ಹುಡುಕುತ್ತ ಅಡ್ಡ ಹಿಡಿದ ಕೈಗೆ ಮೂರನೆಯದು. ಎರಡು ಬೆರಳು ಒಣ ಕಡ್ಡಿಯ ಹಾಗೆ ಮುರಿದವು. ನಾಲ್ಕನೆಯದಕ್ಕೆ ಎತ್ತಿದ್ದೆ. ಅವನು ಕೆಳಗೆ ಬಿದ್ದಿದ್ದ ಎಂಬುದನ್ನು ಗಮನಿಸು. ಆಗ ಬಾಗಿಲಲ್ಲಿ ನೀನು ಕಂಡೆ, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು. ನಿನ್ನ ಹೊಟ್ಟೆ ಕಲ್ಲಾಗಿದ್ದು, ಏಳನೇ ತಿಂಗಳಿಗೇ ನೋವು ಶುರುವಾಗಿದ್ದು, ಎರಡು ದಿನ ಡ್ರಿಪ್ಪು, ಇಂಜೆಕ್ಷನ್ನು, ಎಲ್ಲ ನಿನಗೇ ಗೊತ್ತು. ನಲ್ಲೂರಿಗೆ ಕಾರು ಹತ್ತುವಾಗ ನೀನು ಹೇಳಿದ್ದು ಒಂದೇ ಮಾತು: "ಹೊಡಿಯೋವಾಗ ನೀವು ನಗ್ತಿದ್ರಿ ರೀ."

ಇದಕ್ಕೆ ಹದಿನೈದು ದಿನ ಮೊದಲು, ವರಮಹಾಲಕ್ಷ್ಮಿ ಹಬ್ಬದ ದಿನ, ಅಮ್ಮ ನನ್ನ ಕೈಯಿಂದ ತೆಂಗಿನಕಾಯಿ ಕಿತ್ತುಕೊಂಡಿದ್ದಳು ನೆನಪಿದೆಯಾ? "ಬಸುರಿ ಗಂಡ ಕಾಯಿ ಒಡೀಬಾರ್ದು ಕಣೋ, ಮಗೀಗೆ ಆಗಲ್ಲ." ನಾನು ಮಹಾ ವಿಧೇಯ. ಗಡ್ಡ ಬಿಟ್ಟೆ, ಹೆಣ ಹೊರುವುದು ಬಿಟ್ಟೆ, ಕೋಳಿ ಕುಯ್ಯುವುದನ್ನೂ ಬಿಟ್ಟು ಗಿರಾಕಿಗಳಿಗೆ ಜೀವಂತವಾಗಿಯೇ ಕೊಟ್ಟು ಕಳಿಸುತ್ತಿದ್ದೆ. ಅಮ್ಮ ಹೇಳಿದ ಪಟ್ಟಿಯಲ್ಲಿ ದಾಯಾದಿಯ ತಲೆ ಇರಲಿಲ್ಲ, ಅದೊಂದೇ ಲೋಪ. ಹಬ್ಬಕ್ಕೆ ಹೋಳಿಗೆ ತಟ್ಟಿದ ಮನೆ ಹದಿನೈದೇ ದಿನದಲ್ಲಿ ಹೊಲಿಗೆ ಹಾಕಿಸಿತು, ಹದಿನಾಲ್ಕು ಹೊಲಿಗೆ. ಸ್ಟೇಷನ್ನಿನಲ್ಲಿ ಹಿರಿಯರು ಸೇರಿ ರಾಜಿ ಮಾಡಿಸಿದರು, ನಾನು ಮುಚ್ಚಳಿಕೆ ಬರೆದುಕೊಟ್ಟೆ. ಅಕ್ಷರ ಚೆನ್ನಾಗಿದೆ ಎಂದು ಪೇದೆಯೊಬ್ಬರು ಮೆಚ್ಚಿಕೊಂಡರು.

ಈಗ ಕೋಳಿಗಳ ಸಮಾಚಾರ. ಉಳಿದ ಹೇಂಟೆಗಳು ವಾರವಿಡೀ ಮೊಟ್ಟೆ ಇಡಲಿಲ್ಲ. ಆಮೇಲೆ ಇಟ್ಟವನ್ನು ಕೂಡಿಸಿ ಇಂಕ್ಯುಬೇಟರಿಗೆ ಹಾಕಿದೆ. ಇಪ್ಪತ್ತೊಂದನೇ ದಿನಕ್ಕೆ ಎಪ್ಪತ್ತೊಂದು ಮರಿಯಾದವು. ನೋಡಲು ಮುದ್ದಾಗಿದ್ದವು, ಆದರೆ ಕಾಳಿನ ತಟ್ಟೆ ಇಟ್ಟ ಸದ್ದಿಗೂ ಬೆಚ್ಚುತ್ತಿದ್ದವು. ಮೂರನೇ ದಿನ ಆಯುಧಪೂಜೆ. ರಸ್ತೆಯಲ್ಲಿ ಟ್ರ್ಯಾಕ್ಟರಿಗೆ ಪೂಜೆ ಮಾಡಿ ಪಟಾಕಿ ಹಚ್ಚಿದರು. ಮರಿಗಳೆಲ್ಲ ಒಂದೇ ಮೂಲೆಗೆ ನುಗ್ಗಿದವು, ಒಂದರ ಮೇಲೊಂದು ಹತ್ತಿದವು. ನಾನು ಓಡಿಬಂದು ಕೈ ಹಾಕಿ ಕೀಳುವಷ್ಟರಲ್ಲಿ ಅಡಿಯಲ್ಲಿದ್ದ ಹತ್ತೊಂಬತ್ತು ಚಪ್ಪಟೆಯಾಗಿ ಉಸಿರು ಕಟ್ಟಿ ಸತ್ತಿದ್ದವು, ಇನ್ನೂ ಬೆಚ್ಚಗಿದ್ದವು. ಏಪ್ರಿಲ್ಲಿನ ಮರಿಗಳು ಇದೇ ವಯಸ್ಸಿನಲ್ಲಿ ಮದುವೆ ಮೆರವಣಿಗೆಯ ಪಟಾಕಿಗೆ ಒಮ್ಮೆ ಚದುರಿ, ಮತ್ತೆ ಬಂದು ಕಾಳು ಹೆಕ್ಕಿದ್ದವು. ಅದೇ ಶೆಡ್ಡು, ಅದೇ ಬಲ್ಬು, ಅದೇ ಕಾಳು. ಈ ಮರಿಗಳು ನಾಯಿಯನ್ನು ಕಂಡೇ ಇಲ್ಲ ಪ್ರಮೋದಾ. ನಾಯಿ ಕಂಡದ್ದು ಅವುಗಳ ತಾಯಂದಿರು.

ನಾನು ಕದ್ದ ಹಾಳೆಗಳಲ್ಲಿ ಇದೇ ಸಂಗತಿ ಮನುಷ್ಯರ ಬಗ್ಗೆ ಇತ್ತು. ಬಸುರಿ ಬಹಳ ಕಾಲ ಹೆದರಿಕೆಯಲ್ಲಿ ಇದ್ದರೆ ಅವಳ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದಂತೆ. ಕಾರ್ಟಿಸಾಲ್ ಅಂದರೆ ಕೋರ್ಟಿನ ಸಾಲು ಅಂದುಕೊಳ್ಳಬೇಡ, ಅಲ್ಲಿಗೆ ತಲುಪಿಸುವುದು ಅದೇ ಆದರೂ. ಮಗುವಿಗೆ ಅದು ತಾಗದ ಹಾಗೆ ಗರ್ಭದೊಳಗಿನ ಮಾಸು ಕಾವಲುಗಾರನಂತೆ ತಡೆಯುತ್ತದೆ. ಹೆದರಿಕೆ ವಿಪರೀತವಾದರೆ ಕಾವಲು ಸೋತು ಒಂದಿಷ್ಟು ಒಳಗೆ ನುಸುಳುತ್ತದೆ. ಹೊರಗಿನ ಲೋಕ ಅಪಾಯದ್ದು ಎಂದು ಮಗುವಿನ ಮೈ ಅಲ್ಲೇ ತೀರ್ಮಾನಿಸಿ, ತನ್ನ ಅಲಾರಮ್ಮನ್ನು ಬಿಗಿ ಮಾಡಿಕೊಂಡು ಹುಟ್ಟುತ್ತದೆ. ಆಮೇಲೆ ಸಣ್ಣ ಸದ್ದಿಗೂ ಅದು ಹೊಡೆದುಕೊಳ್ಳುತ್ತದೆ, ಹೊಡೆದುಕೊಂಡರೆ ಬೇಗ ನಿಲ್ಲುವುದಿಲ್ಲ. ಓದುತ್ತ ನನಗೆ ಎಂಥ ಸಂತೋಷವಾಯಿತು ಗೊತ್ತಾ? ಮನೋಹರನ ತಲೆ ಒಡೆದದ್ದು ನಾನಲ್ಲ, ನನ್ನ ಹಾರ್ಮೋನು! ಹಾರ್ಮೋನಿಯಂ ಬಾರಿಸಿದವನಿಗೆ ಹಾರ ಹಾಕುತ್ತಾರೆ, ಹಾರ್ಮೋನು ಬಾರಿಸಿದವನಿಗೆ ಮಾತ್ರ ಯಾಕೆ ಮುಚ್ಚಳಿಕೆ?

ನನ್ನ ಸರದಿ ಬಂದಾಗ ಡಾಕ್ಟರ್ ಚೈತ್ರ "ಪೇಷೆಂಟ್ ಎಲ್ರೀ?" ಅಂದರು. ನಾನೇ ಅಂದೆ. ಎಲ್ಲವನ್ನೂ ಕೇಳಿಸಿಕೊಂಡು ಹೇಳಿದರು: "ಹಾಗೆ ಆಗಬಹುದು, ಆಗಲೇಬೇಕು ಅಂತೇನಿಲ್ಲ. ಹುಟ್ಟಿದ ಮೇಲೆ ಎತ್ತಿಕೊಂಡು, ಸಮಾಧಾನ ಮಾಡಿ, ಹೆದರಿಸದೆ ಬೆಳೆಸಿದರೆ ಎಷ್ಟೋ ಸರಿಹೋಗುತ್ತೆ. ಇನ್ನು ನಿಮ್ಮ ವಿಷಯ. ಅಲಾರಂ ಬೇಗ ಹೊಡ್ಕೊಳ್ಳೋದು ನಿಮ್ಮ ತಪ್ಪಲ್ಲದೆ ಇರಬಹುದು. ಅದು ಹೊಡ್ಕೊಂಡಾಗ ದೊಣ್ಣೆ ಎತ್ತೋದು ನಿಮ್ಮ ಕೈ ನರೇಶ್." ಮೊದಲರ್ಧ ಮಾತ್ರ ನೆನಪಿಟ್ಟುಕೊಂಡು ಮನೆಗೆ ಬಂದೆ.

ಅಮ್ಮ ಮುದ್ದೆ ತಿರುವುತ್ತಿದ್ದಳು. ಹಾಳೆ ಬಿಡಿಸಿ ಓದಿ ಹೇಳಿದೆ: ನೋಡಮ್ಮ, ನನ್ನ ಕೋಪವೆಲ್ಲ ನಾನು ನಿನ್ನ ಹೊಟ್ಟೆಯಲ್ಲಿದ್ದಾಗಿನದು. ಅವಳು ಕೋಲು ನಿಲ್ಲಿಸಿದಳು. ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಹೇಳಿದಳು. ನನ್ನನ್ನು ಹೊತ್ತು ಅವಳಿಗೂ ಏಳು ತಿಂಗಳಂತೆ. ನೀರಿನ ಸರದಿಗೆ ದೊಡ್ಡಪ್ಪನ ಜೊತೆ ಜಗಳವಾಡಿ, ಅಣ್ಣನನ್ನು ಹೊಡೆಯಲಾಗದೆ, ಅಪ್ಪ ಮನೆಗೆ ಬಂದು ಮಚ್ಚಿನ ಹಿಂಬದಿಯಿಂದ ಅಮ್ಮನ ಬೆನ್ನಿಗೆ ಬಾರಿಸಿದನಂತೆ. ಒಂದು ದಿನವಲ್ಲ, ಆ ಬೇಸಿಗೆ ಪೂರ್ತಿ. ಒಂದು ಸಲ ಕೊಟ್ಟಿಗೆಯಲ್ಲಿ ಹಸುವಿನ ಕಾಲುಗಳ ನಡುವೆ ತೂರಿ ಕುಳಿತಳಂತೆ. ಹಾಯುವ ಹಸು, ಸಂಜೆಯವರೆಗೂ ಕಾಲು ಕದಲಿಸಲಿಲ್ಲವಂತೆ. "ನೀನು ಹುಟ್ಟಿದ್ಮೇಲೆ ಬಾಗ್ಲು ಹಾಕಿದ್ರೂ ಮುಷ್ಟಿ ಬಿಗಿ ಹಿಡ್ದು ನೀಲಿ ಆಗ್ಬಿಡ್ತಿದ್ದೆ ಕಣಪ್ಪ" ಅಂದಳು. ನೋಡಿದೆಯಾ, ಸಾಕ್ಷಿಯೇ ಸಿಕ್ಕಿತಲ್ಲ ಅಂದೆ. ಅದಕ್ಕೆ ಅವಳು, "ನಾನು ಹೊತ್ತೆ, ಅವನು ಹೊಡ್ದ. ಓದಿದೋನಲ್ವಾ ನೀನು, ನಿನ್ ಕಾಗ್ದದಲ್ಲಿ ಬರೀ ಹೊಟ್ಟೆ ಸುದ್ದಿನೇ ಐತಲ್ಲ, ಕೈ ಸುದ್ದಿ ಯಾಕಿಲ್ಲ?" ಅಂದು ಮತ್ತೆ ಮುದ್ದೆ ತಿರುವತೊಡಗಿದಳು. ಆ ದಿನ ನನ್ನ ಮುದ್ದೆಯಲ್ಲಿ ಗಂಟಿತ್ತು. ನುಂಗಲಾಗದ್ದು ಅದೊಂದೇ ಅಲ್ಲ.

ಅಂದಿನಿಂದ ಸುಮ್ಮನೆ ಕುಳಿತಿಲ್ಲ. ಮೂಲೆ ಇದ್ದರೆ ತಾನೇ ಮರಿಗಳು ಅಲ್ಲಿ ನುಗ್ಗಿ ಸಾಯುವುದು? ತಗಡು ಬಗ್ಗಿಸಿ, ಮರಿಗಳನ್ನು ಬೆಚ್ಚಗಿಡುವ ಬ್ರೂಡರನ್ನು ದುಂಡಗೆ ಮಾಡಿದ್ದೇನೆ. ದಿನಕ್ಕೆ ಮೂರು ಹೊತ್ತು ಅದರೊಳಗೆ ಕುಕ್ಕರುಗಾಲಲ್ಲಿ ಕುಳಿತು ಮೆಲ್ಲಗೆ ಮಾತಾಡುತ್ತೇನೆ. ಈಗಲೂ ಬೆಚ್ಚುತ್ತವೆ, ಆದರೆ ಬೇಗ ಕಾಳಿಗೆ ಮರಳುತ್ತವೆ. ಒಂದು ಮರಿ ನನ್ನ ಪಾದದ ಮೇಲೆಯೇ ನಿದ್ದೆ ಮಾಡುತ್ತದೆ. ಮನೋಹರನ ಮನೆಗೂ ಹೋಗಿ ತಪ್ಪಾಯಿತು ಅಂದೆ. "ಲೇ, ಗೇಟಿನ್ ಆಚೆ ನಿಂತ್ಕಂಡು ಹೇಳ್ಲಾ, ಇಲ್ಲಿಗೇ ಕೇಳ್ಸುತ್ತೆ" ಅಂದ. ಗೇಟಿನಾಚೆಯಿಂದಲೇ ಹೇಳಿದೆ. ಮನೆಯ ಬಾಗಿಲುಗಳಿಗೆಲ್ಲ ಬಡಿಯದ ಹಾಗೆ ರಬ್ಬರು ಹೊಡೆದಿದ್ದೇನೆ. ಎಲ್ಲಕ್ಕಿಂತ ದೊಡ್ಡದು ಕೇಳು: ಇವತ್ತಿಗೆ ಐವತ್ತೆರಡು ದಿನ, ನಾನು ಯಾರ ಮೇಲೂ ಕೈ ಎತ್ತಿಲ್ಲ, ದನಿಯನ್ನೂ ಎತ್ತಿಲ್ಲ. ಚಿಕ್ಕವೆಂಕಟಪ್ಪನವರ ವಂಶದಲ್ಲಿ ಇದು ದಾಖಲೆ. ಆದ್ದರಿಂದ ಕೇಳುತ್ತಿದ್ದೇನೆ: ಹೆರಿಗೆಯ ದಿನ ಆಸ್ಪತ್ರೆಯ ಹೊರಗಾದರೂ ನಿಲ್ಲಲು ಬಿಡು. ಆಮೇಲೆ ಮಗುವನ್ನು ಎತ್ತಿಕೊಂಡು ಈ ಮನೆಗೆ ಬಾ. ನಮ್ಮ ಮಗು ಆ ಶನಿವಾರವನ್ನು ನಿನ್ನ ಹೊಟ್ಟೆಯೊಳಗಿಂದ ಕೇಳಿಸಿಕೊಂಡಿದೆ. ಅಪ್ಪನ ಇನ್ನೊಂದು ದನಿಯನ್ನೂ ಅದು ಕೇಳಬೇಕಲ್ಲವಾ?

ಅತ್ತೆಗೆ ನನ್ನ ನಮಸ್ಕಾರ. ಒಳಗಿರುವ ಮಹಾಶಯರಿಗೋ ಮಹಾಶಯೆಗೋ ಮೆತ್ತಗೆ ಒಂದು ಮುತ್ತು, ಸದ್ದಾಗದ ಹಾಗೆ. ನೀನು ನೂರು ಕಾಲ ನೆಮ್ಮದಿಯಾಗಿ ಉಸಿರಾಡುವಂತಾಗಲಿ.

ಗಡ್ಡಧಾರಿ, ನಿನ್ನವನೇ,
ನರೇಶ

ತಾ.ಕ.: ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ. ಮೂರ್ತಿಯ ತುಟಿ ಸೀಳಿರುವುದು ನಿನಗೆ ಕಾಣುತ್ತದೆ. ಬಚ್ಚಲಲ್ಲಿ ಜಾರಿದೆ ಅನ್ನುತ್ತಾನೆ, ನಂಬಬೇಡ. ಬೆಳಿಗ್ಗೆ ಬಂದವನು "ಭಾವ, ಹೆರಿಗೆ ಆದ್ಮೇಲೂ ಅಕ್ಕ ಈ ಮನೆಗೆ ಬರಲ್ವಂತೆ" ಅಂದ. ಅವನ ಮಾತು ಮುಗಿಯುವ ಮೊದಲೇ ಹೊಡೆದೆ. ಎರಡನೇ ಏಟಿಗೆ ಅಮ್ಮ ಅಡ್ಡ ಬಂದಳು, ಅದು ಅವಳಿಗೆ ಬಿತ್ತು. ಎಡಗಿವಿ ಸರಿಯಾಗಿ ಕೇಳಿಸುತ್ತಿಲ್ಲ ಅನ್ನುತ್ತಿದ್ದಾಳೆ. ಐವತ್ತೆರಡು ದಿನ ಎಂದು ಬರೆದದ್ದು ಅದಾದ ಅರ್ಧ ಗಂಟೆಗೆ, ಅದೇ ಕೈಯಲ್ಲಿ. ಬಾ ಎಂದು ಕೇಳಿದ್ದನ್ನು ಹೊಡೆದುಹಾಕು. ನೀನು ಬರಬೇಡ, ನಾನೂ ಆಸ್ಪತ್ರೆಯ ಹತ್ತಿರ ಬರುವುದಿಲ್ಲ. ಅಮ್ಮನನ್ನು ಮೂರ್ತಿಯ ಜೊತೆ ಕಳಿಸುತ್ತಿದ್ದೇನೆ; ಅವಳ ಕಿವಿ ತೋರಿಸು, ನಿನ್ನ ಹತ್ತಿರವೇ ಇಟ್ಟುಕೋ. ಮೂರ್ತಿಯ ಕಾರಿನವರೆಗೆ ಕೈಹಿಡಿದು ಕರೆದೊಯ್ಯೋಣವೆಂದು ನಾನು ಮುಂಬಾಗಿಲಲ್ಲಿ ನಿಂತಿದ್ದೆ. ಅವಳು ಹಿತ್ತಲ ಬಾಗಿಲಿಂದ ಸುತ್ತಿಕೊಂಡು ಹೋಗಿ ಕುಳಿತಿದ್ದಾಳೆ.