ಗುಲಾಬಿ ನಿಂತ ಜಾಗ

ಸಿರುಗುಪ್ಪ
೧೪-೨-೧೯೫೧

ಜೀವದ ಗೆಳೆಯ ಗೌಸಸಾಬಗ ಜಂಬಣ್ಣನ ಸಲಾಮು.

ನಿನ್ನ ಕಾಗದ ಬಂದು ತಿಂಗಳಾತು. ಸಿಟ್ಟಾಗಬ್ಯಾಡ, ಕೈ ಮುಗೀತೀನಿ. ಬರಿಯಾಕ ಕುಂತಾಗೆಲ್ಲ ಎರಡು ಸಾಲು ಬರದು ಹರದು ಹಾಕ್ತಿದ್ದೆ. ನಿನ್ನ ಮನಿಯಾಕಿ, ತಂಗಿ ಕುಲ್ಸುಂಬೀ ಮಂಡಿನೋವು ಕಡಿಮಿ ಆತೇನು? ಇಲ್ಲಿ ಭತ್ತ ಚಲೋ ಬಂದೈತಿ. ಬಳ್ಳಾರಿಗೆ ಬಸ್ಸು ಓಡ್ತಾವ, ಕುದುರಿ ಕೇಳೋರೇ ಇಲ್ಲ.

ಆದ್ರ ನಿನ್ನ ಒಂದು ಮಾತನ್ನ ಮತ್ತ ಮತ್ತ ಓದಿದೆ. ಕುರುಗೋಡಿನ ಗೌಡ್ರ ಹೊಸ ಕುದುರಿಗೆ ಮುಳ್ಳು ಕಡಿವಾಣ ಹಾಕಿ ಪಳಗಿಸಾಕ ಹತ್ತೀಯಂತ. "ನನ್ನ ಮೆತ್ತನ್ನ ಕೈ ನಂಬಿ ನಿನ್ನ ಹೆಂಡ್ತಿ ಪಾರಮ್ಮ ಹೊಳಿಪಾಲಾದ್ಲು, ಇನ್ನ ಆ ಕೈ ಬ್ಯಾಡ" ಅಂತ ಬರದೀಯಲ್ಲ! ಇದನ್ನ ಬರದಾಂವ ನೀನೇನಲೇ? ಕುದುರಿ ಬಾಯಾಗ ರಕ್ತ ಕಂಡ್ರ ಆವತ್ತು ಊಟ ಬಿಡ್ತಿದ್ದ ಮನಿಷ್ಯಾ ನೀನು. ನಮ್ಮ ಹೆಣ್ಣುಕುದುರಿ ಗುಲಾಬಿನ್ನ ಪಳಗಿಸುವಾಗ ಒಂದಿನ ಚಾಟಿ ತೋರಿಸಲಿಲ್ಲ. ಕೊರಳ ಮ್ಯಾಲ ಅಂಗೈ ಇಟ್ಟು "ಬಾ ಬೇಟಿ" ಅಂದ್ರ ಸಾಕಾಗಿತ್ತು.

ನೀನೇ ಹೇಳ್ತಿದ್ದಿ: "ಹೊಳಿ ದಾಟುವಾಗ ಲಗಾಮು ಸಡ್ಲ ಬಿಡು. ನೀರು ಮೂಸಿ ಮೊದಲ ಹೆಜ್ಜಿ ಅದೇ ಇಡಲಿ. ನಿಂತ್ರ ನೀನೂ ನಿಲ್ಲು, ಅದು ಏನೋ ಹೇಳಾಕ ಹತ್ತೈತಿ."

ಈಗ ದಿನಾ ನಸುಕಿನ್ಯಾಗ ನಮ್ಮ ಬಾಗಿಲ ತನಕ ಗೊರಸಿನ ಸಪ್ಪಳ ಬಂದು ನಿಲ್ಲತೈತಿ. ಎದ್ದು ನೋಡಿದ್ರ ಏನೂ ಇರಂಗಿಲ್ಲ. ಮಗಳು ಸುವರ್ಣಮ್ಮ "ಯಾರದೋ ಎತ್ತು ಬಿಡಪ್ಪಾ" ಅಂತಾಳ. ಎತ್ತಿನ ಸಪ್ಪಳ ನನಗ ತಿಳಿಯಂಗಿಲ್ಲೇನು? ಹೆದರಿಕಿ ಆಗತೈತಿ ಸಾಬ.

ನಿನ್ನ ಅಲ್ಲಾ, ನಮ್ಮ ಬಸವಣ್ಣ, ಇಬ್ಬರೂ ಕೂಡಿ ನಿನ್ನ ಮನಿ ತಂಪಾಗಿಡ್ಲಿ.

ನಿನ್ನ
ಜಂಬಣ್ಣ

ತಾ.ಕ.: ಏಳು ವರ್ಷದ ಹಿಂದ ಕೆಂಚನಗುಡ್ಡದ ಹೊಳ್ಯಾಗ ಗುಲಾಬಿ ಬೆದರಿ ಹಾರಿದ್ಲು, ನನ್ನ ಹಿಂದ ಕುಂತಿದ್ದ ಪಾರಮ್ಮ ಬಿದ್ಲು ಅಂತ ಊರಿಗೆಲ್ಲ ಹೇಳಿದ್ನಲ್ಲ, ಅದು ಸುಳ್ಳು. ಗುಲಾಬಿ ಬೆದರಲಿಲ್ಲ, ನಿಂತ್ಲು. ನೀರು ಮೂಸಿ ಮೂರು ಸಲ ಹಿಂದಕ್ಕ ಸರದ್ಲು. "ಸಾಬಣ್ಣ ಹೇಳಿದ್ದು ಮರತ್ರೇನು? ತಡೀರಿ" ಅಂದ್ಲು ಪಾರಮ್ಮ. ಆಕಿ ತಂಗಿ ಮದಿವಿ ಮುಹೂರ್ತ ಮೀರತೈತಿ ಅಂತ ನನಗ ಅವಸರ. ನಿನಗ ತಿಳೀದಂಗ ಆವತ್ತು ಮುಳ್ಳು ಕಡಿವಾಣ ಹಾಕಿದ್ದೆ. ಜಗ್ಗಿ ಮುಖ ನೀರಿಗೆ ತಿರುವಿ ಚಾಟಿ ಬಾರಿಸಿದೆ. ಗುಲಾಬಿ ಬಾಯಾಗ ರಕ್ತ ಬಂತು. ಆಗ ನನ್ನ ಮಾತು ಕೇಳಿದ್ಲು, ಹೆಜ್ಜಿ ಇಟ್ಲು. ಮುಂದ ಮಡುವು ಇತ್ತು.

ನಾನು ಗುಲಾಬಿ ಬಾಲ ಹಿಡದು ದಡ ಹತ್ತಿದೆ. ಅಂಥಾಕಿನ್ನ ಕೊಲೆಗಾತಿ ಅಂತ ಸಂತ್ಯಾಗ ಮಾರಿದೆ.

ಗೌಡ್ರ ಕುದುರಿಗೆ ಹಾಕಿದ ಆ ಕಡಿವಾಣ ಇವತ್ತೇ ತಗದುಬಿಡು ಗೌಸ. ಈ ಕಾಗದ ಟಪಾಲಿಗೆ ಹಾಕಾಕ ಸುವರ್ಣಮ್ಮ ಬಾಗಿಲಾಗ ನಿಂತಾಳ. ಆಕಿಗೆ ಇನ್ನೂ ಹೇಳಿಲ್ಲ.