ವಧುವಿನ ಕಡೆಯ ಕುರ್ಚಿಗಳು

ಅಮ್ಮಾ,

ನಿನ್ನೆ ಎಸ್ಪರೆನ್ಸ್ ಕಡಲತೀರದಲ್ಲಿ ನನ್ನ ಮದುವೆಯಾಯಿತು. ನೀನು ಬದುಕಿದ್ದರೆ ನನ್ನನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸಿದ ಸುಖವನ್ನು ಬಂದವರಿಗೆಲ್ಲ ಹೇಳಿ ತಲೆ ತಿನ್ನುತ್ತಿದ್ದೆ: ಗಂಟೆಯಿಲ್ಲ, ಸಮವಸ್ತ್ರವಿಲ್ಲ, ಬೇಕಾದಷ್ಟು ನಿದ್ದೆ, ಊರ ಮಕ್ಕಳೆಲ್ಲ ತರಗತಿಯಲ್ಲಿ ಬೆವರುವಾಗ ನಮಗೆ ಸಮುದ್ರದಲ್ಲಿ ಈಜು. ಸುಳ್ಳಲ್ಲ, ಆ ಸುಖವನ್ನೆಲ್ಲ ಉಂಡವಳು ನಾನೇ.

ಮದುಮಗ ಬ್ರೆಟ್‌ನ ಶಾಲೆಯ ಗೆಳೆಯರು ಕುರ್ಚಿ ಸಾಲದೆ ಮರಳ ಮೇಲೆ ಕೂತಿದ್ದರು. ನನ್ನ ಕಡೆ ಅಪ್ಪ ಒಬ್ಬನೇ.

ಅತ್ತೆ ಮೆಲ್ಲಗೆ ಕೇಳಿದರು, "ನಿನ್ನ ಗೆಳತಿಯರು ಎಲ್ಲಮ್ಮಾ? ಇನ್ನೂ ಬಂದಿಲ್ವಾ?"

"ಇದ್ದದ್ದು ಒಬ್ಬಳೇ. ಹೋದ ವರ್ಷ ತೀರಿಕೊಂಡಳು."

"ಅಯ್ಯೋ ಪಾಪ! ಏನವಳ ಹೆಸರು?"

"ಮೊರಾಗ್," ಅಂದೆ.

ಅದು ನಿನ್ನ ಹೆಸರೆಂದು ಹೊಳೆದದ್ದೇ ಅವರು ನನ್ನನ್ನು ತಬ್ಬಿಕೊಂಡು ಅತ್ತುಬಿಟ್ಟರು. ಇನ್ನೊಬ್ಬ ಗೆಳತಿ ಸಿಗದ ಹಾಗೆ ನೋಡಿಕೊಂಡವಳೂ ಅವಳೇ ಎಂದು ನಾನು ಹೇಳಲಿಲ್ಲ.