ಎಡಗಣ್ಣಿನ ಪೊರೆ

ಮೃಗಾಲಯ, ಹಾವಿನ ಮನೆಯ ಹಿಂಬದಿ ಕೋಣೆ
ಸೋಮವಾರ, ಮಾರ್ಚ್ 9

ಪ್ರೀತಿಯ ಮಗಳೇ,

ಹೇಗಿದ್ದೀಯ? ಕೆಮ್ಮು ಹೋಯಿತೋ ಇಲ್ಲವೋ? ಹೊಸ ಜಾಗದಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡು. ಕೈಗೆ ಕೆಲಸ ಸಿಕ್ಕರೆ ನಿನಗೆ ಹೊಟ್ಟೆಯ ನೆನಪೇ ಇರುವುದಿಲ್ಲ. ಅಮ್ಮ ಆರೋಗ್ಯವಾಗಿದ್ದಾಳೆ. ನನ್ನ ಮಂಡಿ ಎಂದಿನಂತೆ ಮೆಟ್ಟಿಲು ಕಂಡರೆ ಗೊಣಗುತ್ತದೆ.

ನಮ್ಮ ಹೆಬ್ಬಾವು ನಿನ್ನೆ ಮತ್ತೆ ಪೊರೆ ಬಿಟ್ಟಿತು. ಹತ್ತು ದಿನದಿಂದ ಮೈ ಮಂಕಾಗಿತ್ತು, ಆಹಾರ ಮುಟ್ಟಿರಲಿಲ್ಲ. ಈ ಸಲ ನೀನು ಹೇಳುತ್ತಿದ್ದ ಹಾಗೆ ತೊಟ್ಟಿ ತುಂಬ ನೀರು, ಒಂದು ಒರಟು ಕಲ್ಲು ಇಟ್ಟು ಸುಮ್ಮನೆ ಕೂತೆ. ಅದು ಮೂತಿಯನ್ನು ಕಲ್ಲಿಗೆ ಉಜ್ಜಿ, ತುಟಿಯ ಹತ್ತಿರ ಬಿಡಿಸಿಕೊಂಡು, ಕಾಲುಚೀಲ ಮಗುಚಿದ ಹಾಗೆ ಬಾಲದವರೆಗೂ ಒಂದೇ ತುಂಡಾಗಿ ಕಳಚಿತು. ಎಡಗಣ್ಣು ಮಾತ್ರ ಬಿಳಿಯಾಗೇ ಉಳಿಯಿತು. ಮೈ ಬೆಳೆದರೂ ಮೇಲಿನ ತೊಗಲು ಬೆಳೆಯುವುದಿಲ್ಲ, ಅದಕ್ಕೇ ಬಿಡಬೇಕು. ಅಡಿಯಲ್ಲಿ ಹೊಸದು ಸಿದ್ಧವಾಗುವ ತನಕ ಯಾರೂ ಕೈ ಹಾಕಬಾರದು. ಇಪ್ಪತ್ತಾರು ವರ್ಷ ಬಂದವರಿಗೆಲ್ಲ ಇದನ್ನೇ ಹೇಳಿದವನು ನಾನು.

ಕಳೆದ ಸಲ ಆ ಕಣ್ಣಿನ ಮೇಲೆ ಪೊರೆ ಉಳಿದಿತ್ತಲ್ಲ. ಹಾವಿಗೆ ರೆಪ್ಪೆಯಿಲ್ಲ, ಕಣ್ಣಿನ ಪೊರೆಯೂ ಮೈಯದರ ಜೊತೆಗೇ ಬರಬೇಕು. "ಅಪ್ಪಾ, ಒದ್ದೆ ಬಟ್ಟೆ ಹಾಕಿ ಬಿಡೋಣ, ತಾನಾಗೇ ಬರುತ್ತೆ" ಅಂದೆ ನೀನು. "ನಂಗೇ ಪಾಠ ಹೇಳ್ತೀಯಾ" ಅಂದುಬಿಟ್ಟೆ ನಾನು. ಮರುದಿನ ಮೇಲಧಿಕಾರಿಗಳು ನೋಡಲು ಬರುವವರಿದ್ದರು. ನೀನು ನೀರು ತರಲು ಹೋದಾಗ ಚಿಮಟ ಹಿಡಿದು ಎಳೆದೆ. ಅಡಿಯ ಜೀವವಿರುವ ಪದರವೂ ಕಿತ್ತುಬಂತು. "ಇದನ್ನ ಕಿತ್ತಿದ್ದು ಯಾರು?" ಅಂತ ಡಾಕ್ಟರು ಕೇಳಿದರು. ನೀನು ನನ್ನ ಮುಖ ನೋಡಿದೆ. ನಾನು ಬಕೆಟ್ಟು ತೊಳೆಯಲು ತಿರುಗಿದೆ. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾದವಳದೇ ತಪ್ಪು ಅಂತ ಅವರೇ ತೀರ್ಮಾನಿಸಿದರು. ಕೆಲಸ ಬಿಡು ಅಂದರು, ನೀನು ಅದನ್ನೂ ಒಪ್ಪಿಕೊಂಡೆ. ಸಂಜೆ ಬೀಗದ ಕೈ ಮೇಜಿನ ಮೇಲಿಟ್ಟು, "ತೊಟ್ಟಿ ನೀರು ಬದಲಾಯಿಸೋದು ಮರೀಬೇಡಪ್ಪಾ" ಅಂದು ಹೊರಟುಹೋದೆ. ಬೈದು ಹೋಗಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಹೋದ ಕಡೆ ನಿನ್ನ ಕೈಗೆ ಒಳ್ಳೆಯ ಹೆಸರು ಬರಲಿ.

ನಿನ್ನ
ಅಪ್ಪ

ತಾ.ಕ.: ಅಂಚೆಗೆ ಹಾಕಲು ಹೊರಟವನು ನಿಂತು ಬರೆಯುತ್ತಿದ್ದೇನೆ. ಅವತ್ತು ನಡೆದದ್ದನ್ನೆಲ್ಲ ಇವತ್ತು ಬೆಳಿಗ್ಗೆ ಬರೆದು, ಸಹಿ ಹಾಕಿ ಡಾಕ್ಟರ ಕೈಗೆ ಕೊಟ್ಟೆ. ನಾಳೆಯಿಂದ ನನ್ನನ್ನು ಉಗ್ರಾಣದ ಕೆಲಸಕ್ಕೆ ಹಾಕಿದ್ದಾರೆ. ಅಮ್ಮನಿಗೂ ಹೇಳಿದೆ. ನಿನ್ನನ್ನು ವಾಪಸ್ ಕರೆಯುತ್ತಾರಂತೆ. ಬರುವುದು ಬಿಡುವುದು ನಿನ್ನಿಷ್ಟ. ಬಂದರೆ ಅದರ ಬಲಗಡೆಯಿಂದಲೇ ಹತ್ತಿರ ಹೋಗು. ಎಡಗಡೆ ಯಾರು ನಿಂತಿದ್ದಾರೆಂದು ಅದಕ್ಕೆ ಕಾಣುವುದಿಲ್ಲ.